ಅಂತಃಕಲಹವೂ ಪರಸೈನ್ಯವೂ

೨೦೨೫ನೆಯ ಇಸವಿಯ ಅಕ್ಟೋಬರ್ ೨೬ರಂದು ಸುದಾನ ದೇಶದ ದಾರ್ಫುರ್ ಪ್ರಾಂತದಲ್ಲಿರುವ ಎಲ್ ಫಾಶೆರ್ ನಗರವು, ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ತರುವಾಯ, ರ‍್ಯಾಪಿಡ್ ಸಪೋರ್ಟ್ ಫೋರ್ಸಸ್ ಎಂಬ ಅರೆಸೈನಿಕ ದಂಡಿನ ವಶವಾಯಿತು. ಮುತ್ತಿಗೆಯ ಕಡೆಯ ತಿಂಗಳುಗಳಲ್ಲಿ ಅಲ್ಲಿಯ ಜನರು ದನಗಳಿಗೆ ಹಾಕುವ ಶೇಂಗಾ ಹಿಂಡಿಯನ್ನು ತಿಂದು ಜೀವ ಹಿಡಿದಿದ್ದರು. ನಗರವು ಬಿದ್ದ ಮೇಲೆ ಆಸ್ಪತ್ರೆಯ ಹಾಸಿಗೆ ಹಿಡಿದ ರೋಗಿಗಳಿಗೂ ಕರುಣೆ ದೊರೆಯಲಿಲ್ಲ. ೨೦೨೩ರ ಏಪ್ರಿಲ್ ೧೫ರಂದು ಸುದಾನದ ಸೈನ್ಯಕ್ಕೂ ಈ ದಂಡಿಗೂ ಆರಂಭವಾದ ಕಲಹದ ದೆಸೆಯಿಂದ ಒಂದು ಕೋಟಿಗೂ ಮಿಕ್ಕ ಜನರು ಮನೆಮಠಗಳನ್ನು ಬಿಟ್ಟು ಓಡಬೇಕಾಯಿತು.

ಎಲ್ ಫಾಶೆರ್ ಎಂಬ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. ಕಲಹವು ಹೊತ್ತಿಕೊಂಡ ವಾರದಲ್ಲಿ ಗಿಡಮೂಲಿಕೆಯ ಎಣ್ಣೆ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರು, ಹುಣಸೂರು ಶಿವಮೊಗ್ಗೆಗಳ ಕಡೆಯವರು, ಬಾಡಿಗೆಯ ಕೋಣೆಗಳಲ್ಲಿ ಅನ್ನನೀರಿಲ್ಲದೆ ಸಿಕ್ಕಿಬಿದ್ದುದನ್ನು ವಾಚಕರು ಮರೆತಿರಲಾರರು. ಭಾರತ ಸರಕಾರವು 'ಕಾವೇರಿ' ಎಂಬ ಹೆಸರಿನ ಕಾರ್ಯಾಚರಣೆಯಿಂದ ೩,೮೦೦ಕ್ಕೂ ಹೆಚ್ಚು ಜನರನ್ನು ಹಡಗು ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತಂದಿತು. ನಮ್ಮವರು ಮರಳಿದರು, ಅವರಿಗೆ ನೆರೆಯಾಗಿದ್ದವರು ಅಲ್ಲಿಯೇ ಉಳಿದರು.

ಹೀಗಿರಲು ಒಂದು ಹಳೆಯ ಪ್ರಶ್ನೆಯು ಮತ್ತೆ ತಲೆಯೆತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಒಂದು ದೇಶದ ಜನರು ತಮ್ಮತಮ್ಮೊಳಗೆ ಕಡಿದಾಡಿ ನಿರಪರಾಧಿಗಳ ಕೊಲೆಯಾಗುತ್ತಿರುವಾಗ ಹೊರಗಿನ ಸೈನ್ಯವು ಒಳಹೊಕ್ಕು ತಡೆಯಬಹುದೆ? ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಲಿಯು ನೇಮಿಸಿದ ಸತ್ಯಶೋಧನ ಸಮಿತಿಯು ೨೦೨೪ರ ಸೆಪ್ಟೆಂಬರಿನಲ್ಲಿ, ಪ್ರಜೆಗಳ ರಕ್ಷಣೆಗಾಗಿ ನಿಷ್ಪಕ್ಷಪಾತವಾದ ಪಡೆಯೊಂದನ್ನು ತಡಮಾಡದೆ ಕಳುಹಬೇಕೆಂದು ಸೂಚಿಸಿತು. ಸುದಾನದ ಸರಕಾರವು ಅದನ್ನು ತಳ್ಳಿಹಾಕಿತು. ಮರುತಿಂಗಳಿನಲ್ಲಿ ಪ್ರಧಾನ ಕಾರ್ಯದರ್ಶಿ ಗುಟೆರೆಸ್ ಅವರು ಅಂಥ ಪಡೆಯನ್ನು ಕಳುಹಲು ತಕ್ಕ ಪರಿಸ್ಥಿತಿಯೇ ಇಲ್ಲವೆಂದು ಭದ್ರತಾ ಮಂಡಲಿಗೆ ತಿಳಿಸಿದರು. ಚರ್ಚೆಯು ಅಲ್ಲಿಗೆ ನಿಂತಿತು, ಮುತ್ತಿಗೆಯು ನಿಲ್ಲಲಿಲ್ಲ. ಎಲ್ ಫಾಶೆರಿನ ಪತನಾನಂತರ, ಅಂದೇ ಸೈನ್ಯವನ್ನು ಕಳುಹಿದ್ದರೆ ಎಂದು ಹಲುಬುವವರು ಬಹುಮಂದಿ.

ಅವರ ಕಳಕಳಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ವಾದವನ್ನು ಮುಂದುವರಿಸುವ ಮುನ್ನ ಲಿಬಿಯದ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡುವುದು ಅವಶ್ಯ. ಪರಸೈನ್ಯದ ಪರವಾಗಿ ಹೇಳಬಹುದಾದುದೆಲ್ಲವೂ ಅಲ್ಲಿ ಹೇಳಲ್ಪಟ್ಟಿತ್ತು, ಮಾಡಬಹುದಾದುದೆಲ್ಲವೂ ಮಾಡಲ್ಪಟ್ಟಿತ್ತು.

೧೯೬೯ರಿಂದ ಅಧಿಕಾರದಲ್ಲಿದ್ದ ಗದ್ದಾಫಿಯ ವಿರುದ್ಧ ೨೦೧೧ರ ಫೆಬ್ರುವರಿಯಲ್ಲಿ ಬೆಂಗಾಜಿ ನಗರವು ಎದ್ದಿತು. ಮನೆಮನೆಯನ್ನೂ ಓಣಿಓಣಿಯನ್ನೂ ಶೋಧಿಸಿ ಬಂಡುಕೋರರನ್ನು ನಿರ್ಮೂಲ ಮಾಡುವೆನೆಂದು ಆತನು ಬಹಿರಂಗವಾಗಿಯೇ ಗರ್ಜಿಸಿದನು. ನಲವತ್ತು ವರ್ಷ ಆತನ ಕೈಕೆಳಗೆ ಬದುಕಿದವರು ಆ ಮಾತನ್ನು ನಂಬಿ ನಡುಗಿದುದು ಸಹಜವೇ. ಮಾರ್ಚ್ ೧೭ರಂದು ಭದ್ರತಾ ಮಂಡಲಿಯು ೧೯೭೩ನೆಯ ನಂಬರಿನ ಠರಾವನ್ನು ಸ್ವೀಕರಿಸಿತು. ಪರವಾಗಿ ಹತ್ತು ಮತಗಳು. ರಶಿಯಾ, ಚೀನ, ಜರ್ಮನಿ, ಬ್ರಾಜಿಲ್ ಮತ್ತು ಆಗ ಮಂಡಲಿಯಲ್ಲಿದ್ದ ಭಾರತ, ಈ ಐದು ದೇಶಗಳು ತಟಸ್ಥ. ಠರಾವಿನ ತಾತ್ಪರ್ಯವು ಸ್ಪಷ್ಟವಾಗಿತ್ತು: ಪ್ರಜೆಗಳ ರಕ್ಷಣೆಗೆ ಬೇಕಾದ ಎಲ್ಲ ಉಪಾಯಗಳನ್ನೂ ಕೈಕೊಳ್ಳಬಹುದು, ಆದರೆ ಲಿಬಿಯದ ನೆಲವನ್ನು ಪರಕೀಯ ಸೈನ್ಯವು ಆಕ್ರಮಿಸಕೂಡದು. ರಾಜನನ್ನು ಇಳಿಸಿರೆಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಮಾರ್ಚ್ ೧೯ರಂದು ಬಾಂಬುಗಳು ಬೀಳಲಾರಂಭಿಸಿದವು. ಬೆಂಗಾಜಿಯ ಮೇಲೆ ಬರುತ್ತಿದ್ದ ದಂಡು ಕೆಲವೇ ದಿನಗಳಲ್ಲಿ ಹಿಮ್ಮೆಟ್ಟಿತು. ಠರಾವಿನ ಕಾರ್ಯವು ಅಲ್ಲಿಗೆ ಬಹುಮಟ್ಟಿಗೆ ಮುಗಿದಿತ್ತು. ಸಂಧಾನಕ್ಕೆ ಅದೇ ಸುಸಮಯವಾಗಿತ್ತು. ಆಫ್ರಿಕದ ದೇಶಗಳ ಒಕ್ಕೂಟದ ರಾಯಭಾರಿಗಳು ಮಾರ್ಚ್ ೨೦ರಂದೇ ಲಿಬಿಯಕ್ಕೆ ಹಾರಲು ಸಿದ್ಧರಿದ್ದರು. ಅವರಿಗೆ ಅನುಮತಿ ದೊರೆಯಲಿಲ್ಲ. ಏಪ್ರಿಲ್ ೧೦ರಂದು ದಕ್ಷಿಣ ಆಫ್ರಿಕದ ಅಧ್ಯಕ್ಷರೇ ಮೊದಲಾದವರು ಟ್ರಿಪೋಲಿಗೆ ಹೋಗಿ ಸಂಧಾನದ ಪತ್ರಕ್ಕೆ ಗದ್ದಾಫಿಯ ಒಪ್ಪಿಗೆಯನ್ನೂ ತಂದರು. ಮರುದಿನ ಬೆಂಗಾಜಿಯವರು ಅದನ್ನು ತಿರಸ್ಕರಿಸಿದರು. ವಿಮಾನಗಳು ತಮ್ಮ ಪಕ್ಷದಲ್ಲಿರುವಾಗ ಅವರೇಕೆ ಒಪ್ಪುವರು? ಅದೇ ವಾರದಲ್ಲಿ ಒಬಾಮಾ, ಕ್ಯಾಮೆರಾನ್, ಸಾರ್ಕೋಜಿ ಮೂವರೂ ಕೂಡಿ ಒಂದು ಲೇಖನವನ್ನು ಪ್ರಕಟಿಸಿ, ಗದ್ದಾಫಿಯು ಅಧಿಕಾರದಲ್ಲಿರುವ ಲಿಬಿಯವನ್ನು ತಾವು ಊಹಿಸಲಾರೆವೆಂದು ಸಾರಿದರು. ಪ್ರಜಾರಕ್ಷಣೆಯ ಠರಾವು ಈ ರೀತಿ ಸಿಂಹಾಸನ ಉರುಳಿಸುವ ಠರಾವಾಗಿ ಮಾರ್ಪಟ್ಟಿತು. ಫ್ರಾನ್ಸು ಬಂಡುಕೋರರಿಗೆ ಆಯುಧಗಳನ್ನು ಆಕಾಶದಿಂದ ಇಳಿಸಿತು. ತನ್ನ ನೂರಾರು ಸೈನಿಕರು ಅವರೊಡನೆ ನೆಲದ ಮೇಲಿದ್ದರೆಂದು ಕತಾರ್ ದೇಶವು ಆಮೇಲೆ ತಾನೇ ಒಪ್ಪಿಕೊಂಡಿತು. ಅಕ್ಟೋಬರ್ ೨೦ರಂದು ಸಿರ್ತ್ ಪಟ್ಟಣದಿಂದ ಪಲಾಯನ ಮಾಡುತ್ತಿದ್ದ ಗದ್ದಾಫಿಯ ವಾಹನಗಳ ಸಾಲಿನ ಮೇಲೆ ನೇಟೋ ವಿಮಾನಗಳು ಎರಗಿದವು. ಚರಂಡಿಯ ಕೊಳವೆಯಲ್ಲಿ ಅಡಗಿದ್ದವನನ್ನು ಹಿಡಿದವರು ವಿಚಾರಣೆಯಿಲ್ಲದೆ ಮುಗಿಸಿದರು. ಹನ್ನೊಂದು ದಿನಗಳೊಳಗಾಗಿ ನೇಟೋ ತನ್ನ ಕಾರ್ಯವು ಸಫಲವಾಯಿತೆಂದು ಘೋಷಿಸಿ ಮನೆಗೆ ಹೊರಟಿತು.

ಯಾರ ಕೈಗೆ ಒಪ್ಪಿಸಿ ಹೊರಟಿತೆಂಬುದನ್ನು ಆಗ ಕೇಳಿದವರು ಬಹಳ ಕಡಿಮೆ. ಲಿಬಿಯದಲ್ಲಿ ಆಗ ಇದ್ದುದು ಊರಿಗೊಂದರಂತೆ ಹುಟ್ಟಿಕೊಂಡ ದಂಡುಗಳು ಮತ್ತು ಬಾಗಿಲು ಮುರಿದ ಶಸ್ತ್ರಾಗಾರಗಳು. ಆ ಶಸ್ತ್ರಗಳು ಮರುಭೂಮಿಯನ್ನು ದಾಟಿ ೨೦೧೨ರಲ್ಲಿ ಮಾಲಿ ದೇಶದ ಉತ್ತರಾರ್ಧವನ್ನು ಹೊತ್ತಿಸಿದವು. ಅದೇ ವರ್ಷದ ಸೆಪ್ಟೆಂಬರ್ ೧೧ರಂದು, ತಾನು ಉಳಿಸಿದೆನೆಂದು ಹೇಳಿಕೊಂಡ ಬೆಂಗಾಜಿಯಲ್ಲಿಯೇ ಅಮೇರಿಕೆಯು ತನ್ನ ರಾಯಭಾರಿಯನ್ನು ಕಳೆದುಕೊಂಡಿತು. ೨೦೧೪ರಲ್ಲಿ ದೇಶವು ಎರಡು ಸರಕಾರಗಳಾಗಿ ಒಡೆಯಿತು. ೨೦೧೯ರಲ್ಲಿ ಹಫ್ತಾರನು ಟ್ರಿಪೋಲಿಯ ಮೇಲೆ ದಂಡೆತ್ತಿ ಬಂದಾಗ ಅವನ ಬೆನ್ನಿಗೆ ರಶಿಯಾದ ಕೂಲಿ ಸೈನಿಕರು, ಅವನ ಎದುರಿಗೆ ತುರ್ಕಿಯ ಸೈನ್ಯ! ಲಿಬಿಯಕ್ಕೆ ಆಯುಧ ಕಳುಹಕೂಡದೆಂದು ೨೦೧೧ರಲ್ಲಿಯೇ ವಿಧಿಸಿದ್ದ ನಿಷೇಧವು ನಗೆಗೀಡಾಗಿದೆಯೆಂದು ವಿಶ್ವಸಂಸ್ಥೆಯ ಪ್ರತಿನಿಧಿಯೇ ೨೦೨೦ರಲ್ಲಿ ಹೇಳಬೇಕಾಯಿತು. ೨೦೨೧ರ ದಿಸೆಂಬರ್ ೨೪ಕ್ಕೆ ಗೊತ್ತುಮಾಡಿದ ಚುನಾವಣೆಯು ನಡೆಯಲೇ ಇಲ್ಲ. ೨೦೨೩ರ ಸೆಪ್ಟೆಂಬರಿನಲ್ಲಿ ದೆರ್ನಾ ಪಟ್ಟಣದ ಮೇಲಣ ಎರಡು ಅಣೆಕಟ್ಟುಗಳು ಒಡೆದು ಸಹಸ್ರಾರು ಜನರು ಕೊಚ್ಚಿಹೋದುದಕ್ಕೆ ಮಳೆಯೊಂದೇ ಕಾರಣವಲ್ಲ. ಅಣೆಕಟ್ಟನ್ನು ದುರಸ್ತಿ ಮಾಡಿಸುವ ಸರಕಾರವೇ ಅಲ್ಲಿರಲಿಲ್ಲ.

ಬ್ರಿಟಿಷ್ ಪಾರ್ಲಿಮೆಂಟಿನ ವಿದೇಶಾಂಗ ಸಮಿತಿಯು ೨೦೧೬ರಲ್ಲಿ, ಪ್ರಜೆಗಳಿಗಿದ್ದ ಅಪಾಯವನ್ನು ಅಳೆಯುವಲ್ಲಿ ತಮ್ಮ ಸರಕಾರವು ತಪ್ಪಿತೆಂದೂ, ರಕ್ಷಣೆಯ ಕಾರ್ಯವು ರಾಜ್ಯಭ್ರಷ್ಟಗೊಳಿಸುವ ಕಾರ್ಯವಾಗಿ ಜಾರಿತೆಂದೂ ಬರೆಯಿತು. ಗದ್ದಾಫಿಯ ನಂತರದ ದಿನಕ್ಕೆ ಸಿದ್ಧತೆ ಮಾಡದಿದ್ದುದೇ ತಮ್ಮ ಆಳ್ವಿಕೆಯ ಅತಿ ದೊಡ್ಡ ತಪ್ಪಾಗಿರಬಹುದೆಂದು ಒಬಾಮಾ ಅವರೂ ಅದೇ ವರ್ಷ ಒಪ್ಪಿಕೊಂಡರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ವಚನಭಂಗದ ದಂಡವನ್ನು ತೆತ್ತವರು ಸಿರಿಯದ ಜನರು. ಅಲ್ಲಿಯ ದಂಗೆಯು ಲಿಬಿಯದ ಯುದ್ಧದ ಕಾಲಕ್ಕೇ ಆರಂಭವಾಗಿತ್ತು. ೨೦೧೧ರ ಅಕ್ಟೋಬರಿನಲ್ಲಿ ಅಸಾದನ ದಬ್ಬಾಳಿಕೆಯನ್ನು ಖಂಡಿಸುವ ಸಾಧಾರಣ ಠರಾವೊಂದು ಬಂದಾಗಲೂ ರಶಿಯಾ ಚೀನಗಳು ಲಿಬಿಯವನ್ನು ಬೆರಳಿಟ್ಟು ತೋರಿಸಿ ತಮ್ಮ ನಿಷೇಧಾಧಿಕಾರವನ್ನು ಚಲಾಯಿಸಿದವು. ರಶಿಯಕ್ಕೆ ಸಿರಿಯದ ಕರಾವಳಿಯಲ್ಲಿ ನೌಕಾನೆಲೆಯಿತ್ತು, ಅದರ ಕಳಕಳಿಯು ನೀತಿಯದಷ್ಟೇ ಆಗಿರಲಿಲ್ಲ ಎಂಬುದನ್ನು ನಾವು ಬಲ್ಲೆವು. ಆದರೆ ಕಳ್ಳನಿಗೆ ಪಿಳ್ಳೆ ನೆವ. ಆ ನೆವವನ್ನು ಕೈಗೆ ಕೊಟ್ಟವರು ಯಾರು? ೨೦೧೩ರ ಆಗಸ್ಟ್ ೨೧ರಂದು ಡಮಾಸ್ಕಸಿನ ಹೊರವಲಯದ ಗೂತಾದಲ್ಲಿ ವಿಷಾನಿಲದಿಂದ ಮಕ್ಕಳು ನಿದ್ರೆಯಲ್ಲಿಯೇ ಸತ್ತಾಗ, ಎಂಟು ದಿನಗಳ ತರುವಾಯ ಬ್ರಿಟಿಷ್ ಪಾರ್ಲಿಮೆಂಟು ೨೭೨ಕ್ಕೆ ಎದುರಾಗಿ ೨೮೫ ಮತಗಳಿಂದ ಸೈನಿಕ ಕ್ರಮವನ್ನು ನಿರಾಕರಿಸಿತು. ೨೦೧೫ರ ಸೆಪ್ಟೆಂಬರ್ ೩೦ರಿಂದ ರಶಿಯಾದ ವಿಮಾನಗಳು ಅಸಾದನ ಪಕ್ಷದಲ್ಲಿ ಬಾಂಬು ಹಾಕತೊಡಗಿದವು. ಅದೂ ಪರಸೈನ್ಯವೇ, ಸರಕಾರವೇ ಕರೆಯಿತೆಂಬ ಮಾತ್ರಕ್ಕೆ ಬಾಂಬಿನ ಗುಣವು ಬದಲಾಗುವುದಿಲ್ಲ. ಮೊದಲ ಹತ್ತು ವರ್ಷಗಳಲ್ಲಿ ೩,೦೬,೮೮೭ ಮಂದಿ ಸಾಮಾನ್ಯ ಪ್ರಜೆಗಳು ಸತ್ತರೆಂದು ವಿಶ್ವಸಂಸ್ಥೆಯ ಅಂದಾಜು. ಅಷ್ಟೆಲ್ಲ ಆಸರೆಯಿದ್ದೂ ೨೦೨೪ರ ದಿಸೆಂಬರ್ ೮ರಂದು ಅಸಾದನು ಮಾಸ್ಕೋಗೆ ಓಡಿಹೋದನು.

ಪರರ ಮನೆಯ ತಪ್ಪನ್ನು ಎಣಿಸುವಾಗ ನಮ್ಮ ಮನೆಯ ಲೆಕ್ಕವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. ೧೯೭೧ರಲ್ಲಿ ಪೂರ್ವ ಪಾಕಿಸ್ತಾನದ ಅಂತಃಕಲಹದಲ್ಲಿ ಭಾರತದ ಸೈನ್ಯವು ಪ್ರವೇಶಿಸಿತು. ಒಂದು ಕೋಟಿಯಷ್ಟು ನಿರಾಶ್ರಿತರು ನಮ್ಮ ಗಡಿಯನ್ನು ದಾಟಿ ಬಂದಿದ್ದರು. ನಮಗೆ ಸ್ವಾರ್ಥವೇ ಇರಲಿಲ್ಲವೆಂದು ಹೇಳಿದರೆ ಯಾರೂ ನಂಬರು, ನಂಬಬೇಕಾಗಿಯೂ ಇಲ್ಲ. ಯುದ್ಧವು ಹದಿಮೂರು ದಿನಗಳಲ್ಲಿ ಮುಗಿಯಿತು. ೧೯೭೨ರ ಮಾರ್ಚ್ ತಿಂಗಳಿನಲ್ಲಿ ನಮ್ಮ ಪಡೆಗಳು ಢಾಕಾದಲ್ಲಿ ಬೀಳ್ಕೊಡುಗೆಯ ಕವಾಯತು ನಡೆಸಿ ಮರಳಿದವು. ಇದು ಸಾಧ್ಯವಾದುದು ಸೈನ್ಯದ ಪರಾಕ್ರಮವೊಂದರಿಂದಲೇ ಅಲ್ಲ. ೧೯೭೦ರ ಚುನಾವಣೆಯಲ್ಲಿ ಆ ಪ್ರಾಂತದ ಜನರು ತಮ್ಮ ನಾಯಕನನ್ನು ತಾವೇ ಆರಿಸಿಕೊಂಡಿದ್ದರು. ಜನವರಿಯಲ್ಲಿ ಮುಜಿಬುರ್ ರಹಮಾನರು ಸೆರೆಯಿಂದ ಮರಳಿದಾಗ ದೇಶವನ್ನು ಒಪ್ಪಿಸಿಕೊಳ್ಳುವ ಕೈ ಅಲ್ಲಿತ್ತು.

೧೯೮೭ರ ಜುಲೈ ೨೯ರಂದು ರಾಜೀವ ಗಾಂಧಿಯವರು ಕೊಲಂಬೋದಲ್ಲಿ ಜಯವರ್ಧನೆಯವರೊಡನೆ ಸಹಿಮಾಡಿದ ಕರಾರಿನ ಕಥೆ ಬೇರೆ. ಅಲ್ಲಿ ನಮ್ಮ ಸೈನ್ಯವನ್ನು ಕರೆದುದು ಸರಕಾರವೇ. ಹೋದುದು ಶಾಂತಿಯನ್ನು ಕಾಯಲೆಂದೇ. ಕರಾರಿನ ಮರುದಿನವೇ ಗೌರವವಂದನೆಯ ಸಾಲಿನಲ್ಲಿದ್ದ ನಾವಿಕನೊಬ್ಬನು ಬಂದೂಕಿನ ಹಿಡಿಯಿಂದ ನಮ್ಮ ಪ್ರಧಾನಿಯವರನ್ನು ಹೊಡೆದನು; ಅಷ್ಟರಿಂದಲೇ ಎಚ್ಚರಗೊಳ್ಳಬಹುದಾಗಿತ್ತು. ಅಕ್ಟೋಬರಿನ ಹೊತ್ತಿಗೆ, ಯಾವ ತಮಿಳರ ರಕ್ಷಣೆಗೆಂದು ಹೋಗಿದ್ದೆವೋ ಅವರ ಹುಲಿಗಳೊಡನೆಯೇ ನಮ್ಮ ಸೈನಿಕರು ಜಾಫ್ನಾದ ಗಲ್ಲಿಗಳಲ್ಲಿ ಕಾದುತ್ತಿದ್ದರು. ಮುಂದೆ ಅದೇ ಕೊಲಂಬೋ ಸರಕಾರವು ನಮ್ಮನ್ನು ಹೊರಟುಹೋಗಿರೆಂದಿತು. ೧೯೯೦ರ ಮಾರ್ಚ್ ೨೪ರಂದು ಕಡೆಯ ಹಡಗು ಹೊರಟಾಗ ನಮ್ಮ ಸುಮಾರು ೧,೨೦೦ ಮಂದಿ ಯೋಧರು ಮರಳಿ ಬರಲಿಲ್ಲ. ೧೯೯೧ರ ಮೇ ೨೧ರಂದು ಶ್ರೀಪೆರಂಬುದೂರಿನಲ್ಲಿ ರಾಜೀವರ ಹತ್ಯೆಯಾಯಿತು. ಆ ಕೊಲೆಯ ಸಂಚುಗಾರರು ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಸತ್ತುಬಿದ್ದರು. ಪರದೇಶದ ಅಂತಃಕಲಹವು ಎಷ್ಟು ದೂರ ನಡೆದುಬರಬಲ್ಲುದೆಂಬುದನ್ನು ಕನ್ನಡನಾಡು ಅಂದು ಕಣ್ಣಾರೆ ಕಂಡಿದೆ.

ಇನ್ನು ಸುದಾನಕ್ಕೆ ಮರಳೋಣ. ಅಲ್ಲಿ ಸೈನ್ಯವನ್ನು ಕಳುಹಿ ಗೆದ್ದರೆ ದೇಶವನ್ನು ಒಪ್ಪಿಸುವುದು ಯಾರಿಗೆ? ಸೈನ್ಯದ ಬುರ್ಹಾನರಿಗೋ, ದಂಡಿನ ದಗಾಲೋ ಅವರಿಗೋ? ೨೦೨೧ರ ಅಕ್ಟೋಬರ್ ೨೫ರಂದು ಪ್ರಜಾಪ್ರತಿನಿಧಿಗಳ ಸರಕಾರವನ್ನು ಕೆಡವಿದುದು ಇಬ್ಬರೂ ಕೈಕೂಡಿಸಿಯೇ, ಹಂಚಿಕೊಳ್ಳುವಲ್ಲಿ ಜಗಳವಾಯಿತು. ಡಾಕ್ಟರರು, ವಕೀಲರು, ವಿದ್ಯಾರ್ಥಿಗಳು ೨೦೧೯ರಲ್ಲಿ ಬೀದಿಗಿಳಿದು ಬಶೀರನ ಮೂವತ್ತು ವರ್ಷದ ದರ್ಪವನ್ನು ಮುರಿದರಲ್ಲ, ಒಪ್ಪಿಸಿಕೊಳ್ಳುವ ಹಕ್ಕಿರುವುದು ಅವರಿಗೆ. ಆದರೆ ಅವರು ಕೈರೋದಲ್ಲಿಯೋ ನೈರೋಬಿಯಲ್ಲಿಯೋ ಚದರಿಹೋಗಿದ್ದಾರೆ. ಈ ಪ್ರಶ್ನೆಗೆ ಉತ್ತರವಿಲ್ಲದೆ ಕಳುಹುವ ಸೈನ್ಯವು ಮೂರನೆಯ ದಂಡಾಗುವುದೇ ಹೊರತು ರಕ್ಷಕನಾಗಲಾರದು.

ಕಾವಲು ಪಡೆಗಳೆಲ್ಲ ನಿಷ್ಫಲವೆಂದು ನಾವು ಹೇಳುತ್ತಿಲ್ಲ. ೨೦೦೭ರಲ್ಲಿ ಸುದಾನದ ಒಪ್ಪಿಗೆಯಿಂದಲೇ ದಾರ್ಫುರಿಗೆ ವಿಶ್ವಸಂಸ್ಥೆಯೂ ಆಫ್ರಿಕದ ಒಕ್ಕೂಟವೂ ಕೂಡಿ ಒಂದು ಪಡೆಯನ್ನು ಕಳುಹಿದ್ದವು. ಅದರ ಮುಖ್ಯ ಠಾಣ್ಯವಿದ್ದುದು ಇದೇ ಎಲ್ ಫಾಶೆರಿನಲ್ಲಿ. ಕೊರತೆಗಳು ಅದಕ್ಕೆ ಬೇಕಾದಷ್ಟಿದ್ದವು. ಆದರೂ ನಿರಾಶ್ರಿತರು ಅದರ ಬೇಲಿಯ ಮಗ್ಗುಲಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದ್ದರು. ಇನ್ನು ಸಾಕೆಂದು ಖಾರ್ತೂಮ್ ಹೇಳಿತು, ಖರ್ಚು ಉಳಿಯಿತೆಂದು ದೊಡ್ಡ ರಾಷ್ಟ್ರಗಳೂ ತಲೆಯಾಡಿಸಿದವು. ೨೦೨೦ರ ದಿಸೆಂಬರ್ ೩೧ಕ್ಕೆ ಅದರ ಅವಧಿಯನ್ನು ಮುಗಿಸಲಾಯಿತು. ಎರಡೂಕಾಲು ವರ್ಷಗಳಲ್ಲಿ ಯುದ್ಧ ಬಂದಿತು. ಇಂದು ಸೈನ್ಯ ಕಳುಹಲು ಕೂಗುವ ರಾಜಧಾನಿಗಳು ಅಂದು ಇದ್ದ ಸೈನ್ಯವನ್ನು ಹಿಂದೆಗೆಯುವಾಗ ಸುಮ್ಮನಿದ್ದವು.

ವಾಸ್ತವವಾಗಿ ನೋಡಿದರೆ, ಸುದಾನದಲ್ಲಿ ಪರರು ಪ್ರವೇಶಿಸಬೇಕೆ ಬೇಡವೆ ಎಂಬ ಚರ್ಚೆಯೇ ತಡವಾದುದು. ಪರರು ಆಗಲೇ ಒಳಗಿದ್ದಾರೆ. ಸಮವಸ್ತ್ರವಿಲ್ಲದೆ, ಠರಾವಿಲ್ಲದೆ, ಪೆಟ್ಟಿಗೆಗಳ ರೂಪದಲ್ಲಿ. ದಾರ್ಫುರಿಗೆ ಆಯುಧ ಸಾಗಿಸಕೂಡದೆಂಬ ನಿಷೇಧವು ೨೦೦೪ರಿಂದ ವರ್ಷವರ್ಷವೂ ಉಳಿದುಬಂದಿದೆ. ಅದು ದಾರ್ಫುರಿಗೆ ಮಾತ್ರ, ಉಳಿದ ಸುದಾನಕ್ಕೆ ಅನ್ವಯಿಸದು. ಹೊಸ್ತಿಲಿಗೆ ಬೀಗ ಹಾಕಿ ಹಿತ್ತಿಲನ್ನು ತೆರೆದಿಟ್ಟ ಹಾಗೆ. ಸೈನ್ಯಕ್ಕೆ ಇರಾನ್ ತುರ್ಕಿಗಳ ಡ್ರೋನುಗಳು ಬಂದಿವೆಯೆಂದು ವರದಿಗಳುಂಟು. ದಂಡಿಗೆ ಸಂಯುಕ್ತ ಅರಬ್ ಎಮಿರೇಟಿನಿಂದ ಆಯುಧಗಳು ಹೋಗುತ್ತಿವೆಯೆಂಬ ಆರೋಪವನ್ನು ವಿಶ್ವಸಂಸ್ಥೆಯ ತಜ್ಞರು ೨೦೨೪ರಲ್ಲಿ ನಂಬಲರ್ಹವೆಂದು ಕರೆದರು. ಸುದಾನವು ಹೇಗ್ ನಗರದ ನ್ಯಾಯಾಲಯಕ್ಕೆ ದೂರು ಒಯ್ದಾಗ, ೨೦೨೫ರ ಮೇ ೫ರಂದು ಆ ನ್ಯಾಯಾಲಯವು ತನಗೆ ಅಧಿಕಾರವಿಲ್ಲವೆಂದು ಪ್ರಕರಣವನ್ನು ಕೈಬಿಟ್ಟಿತು. ಆರೋಪವು ಸುಳ್ಳೆಂದೂ ಅಲ್ಲ, ನಿಜವೆಂದೂ ಅಲ್ಲ.

ಇಲ್ಲಿ ದಿಲ್ಲಿಯ ಸರಕಾರವು ಮಾಡಬಹುದಾದ ಕಾರ್ಯವೊಂದಿದೆ, ಅದಕ್ಕೆ ಒಬ್ಬ ಸೈನಿಕನನ್ನೂ ಕಳುಹಬೇಕಾಗಿಲ್ಲ. ೨೦೧೧ರಲ್ಲಿ ನಾವು ತಟಸ್ಥರಾಗಿ ಕುಳಿತೆವು. ಠರಾವಿನ ವಿಷಯದಲ್ಲಿ ಸಂದೇಹಗಳನ್ನು ಹೇಳಿದೆವು, ತಿದ್ದುಪಡಿಗಾಗಿ ಹೋರಾಡಲಿಲ್ಲ. ನಮ್ಮಂತೆಯೇ ತಟಸ್ಥವಾಗಿದ್ದ ಬ್ರಾಜಿಲ್ ದೇಶವಾದರೂ ಅದೇ ನವೆಂಬರಿನಲ್ಲಿ, ರಕ್ಷಣೆಯ ಹೆಸರಿನಲ್ಲಿ ಬಲವನ್ನು ಬಳಸುವವರು ಮಂಡಲಿಗೆ ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕೆಂಬ ಸೂಚನೆಯನ್ನು ಮುಂದಿಟ್ಟಿತು. ಅಬುಧಾಬಿಯೊಡನೆ ನಮಗಿರುವ ಸ್ನೇಹವು ಅಲ್ಪವಾದುದಲ್ಲ. ಮಂಗಳೂರಿನಿಂದ ಹೋದ ನಮ್ಮ ಜನರೇ ಅಲ್ಲಿ ಎಷ್ಟೋ ಮಂದಿ. ಸ್ನೇಹಿತನಿಗೆ ಹೇಳತಕ್ಕ ಮಾತನ್ನು ಸ್ನೇಹಿತನೇ ಹೇಳಬೇಕು. ಆಯುಧ ನಿಷೇಧವನ್ನು ದಾರ್ಫುರಿನಿಂದ ಸಮಗ್ರ ಸುದಾನಕ್ಕೆ ವಿಸ್ತರಿಸುವ ಸೂಚನೆಯನ್ನು ಭಾರತವು ಬಹಿರಂಗವಾಗಿ ಬೆಂಬಲಿಸಿ, ಅದಕ್ಕೆ ಅಬುಧಾಬಿಯ ಸಹಾಯವನ್ನು ಕೋರಲಿ. ತಾನು ಆಯುಧ ಕಳುಹುತ್ತಿಲ್ಲವೆಂದು ಅಬುಧಾಬಿಯು ಪದೇಪದೇ ಹೇಳಿದೆ. ಆ ಮಾತು ನಿಜವಾಗಿದ್ದರೆ ಈ ನಿಷೇಧದಿಂದ ಅದಕ್ಕೆ ಕಾಸಿನ ನಷ್ಟವೂ ಇಲ್ಲ.