‘ಕೈಗೆ ಇಷ್ಟು’ ಅನ್ನುವ ಬ್ರೋಕರ್‌ಗೆ ಮನೆ ಒಪ್ಪಿಸಬೇಡಿ

ಊರಲ್ಲಿ ಮನೆ ಮಾರಾಟಕ್ಕಿದೆ ಎಂಬ ಸುದ್ದಿ ಹೊರಬಿದ್ದ ವಾರದೊಳಗೆ ಬ್ರೋಕರ್ ಜಗಲಿ ಮೇಲೆ ಬಂದು ಕೂತಿರುತ್ತಾನೆ. ಟೀ ಕುಡಿದು ಅವನು ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: "ನಿಮ್ಮ ಕೈಗೆ ಹದಿನೆಂಟು ಲಕ್ಷ ಕೊಡಿಸ್ತೀನಿ ಯಜಮಾನ್ರೇ. ಮೇಲೆ ಎಷ್ಟಾದ್ರೂ ಬರ್ಲಿ, ಅದು ನಂದು. ನಿಮ್ಮಿಂದ ಒಂದ್ ರೂಪಾಯಿ ಕಮಿಷನ್ ಬೇಡ."

ಕೇಳಲು ಹಿತವಾಗಿದೆ. ನಮ್ಮ ಪ್ರಕಾರ ಇಂಥ ಮಾತಿಗೇ ಬಾಗಿಲು ಹಾಕಬೇಕು. ಅದೇ ಮನೆ 23 ಲಕ್ಷಕ್ಕೆ ಹೋದರೆ 5 ಲಕ್ಷ ಅವನ ಜೇಬಿಗೆ. ನೂರಕ್ಕೆ ಎರಡರಂತೆ ಕಮಿಷನ್ ಮಾತಾಡಿದ್ದರೆ ಆಗುತ್ತಿದ್ದುದು 46 ಸಾವಿರ. ಇದರ ಮೇಲೆ, ಮಾರುವವರೂ ಕೊಳ್ಳುವವರೂ ಎದುರುಬದುರು ಕೂರದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸವಾಗುತ್ತದೆ. ನಾಳೆ ತಕರಾರು ಬಂದರೆ ಪತ್ರದಲ್ಲಿ ಸಹಿ ಇರುವುದು ನಿಮ್ಮದು. ಅವನ ಹೆಸರು ಎಲ್ಲೂ ಇರುವುದಿಲ್ಲ.

ಎಲ್ಲ ಬ್ರೋಕರ್‌ಗಳೂ ಹೀಗೇ ಎನ್ನುತ್ತಿಲ್ಲ. ಒಳ್ಳೆಯವನು ಗೋಡೆ ನೋಡುವ ಮೊದಲು ಕಾಗದ ಕೇಳುತ್ತಾನೆ. ಇ-ಸ್ವತ್ತಿನಲ್ಲಿ ನಮೂನೆ 9, 11 ಆಗಿದೆಯಾ, ಖಾತೆ ಯಾರ ಹೆಸರಲ್ಲಿದೆ, ಇಸಿ ತೆಗೆಸಿದ್ದೀರಾ, ಸೊಸೈಟಿಯಲ್ಲಿ ಅಡಮಾನ ಇದೆಯಾ, ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ?

‘ನಾನು ರೇರಾ ಬ್ರೋಕರ್’ ಎಂದು ಕಾರ್ಡ್ ತೋರಿಸುವವರೂ ಇದ್ದಾರೆ. 2016ರ ಆ ಕಾಯ್ದೆ ಏಜೆಂಟರ ನೋಂದಣಿ ಕೇಳುವುದು ರೇರಾ ವ್ಯಾಪ್ತಿಗೆ ಬರುವ ಲೇಔಟ್, ಅಪಾರ್ಟ್‌ಮೆಂಟ್‌ಗಳ ಮಾರಾಟಕ್ಕೆ. ಅಜ್ಜ ಕಟ್ಟಿದ ಹಂಚಿನ ಮನೆಗೂ ಅದಕ್ಕೂ ಸಂಬಂಧವಿಲ್ಲ. ಕಾರ್ಡ್ ಬದಿಗಿಟ್ಟು, ಅವನು ಈಚೆಗೆ ಮಾರಿಸಿದ ಮೂರು ಮನೆಯವರ ಫೋನ್ ನಂಬರ್ ಕೇಳಿ. ಮಾರಿದವರದ್ದು, ಕೊಂಡವರದ್ದಲ್ಲ.

ಕಮಿಷನ್ ಎಷ್ಟೆಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ಅದನ್ನು ಕೊಡುವುದು ನೋಂದಣಿಯ ದಿನ, ಮುಂಗಡ ಬಂದ ದಿನವಲ್ಲ. ಮೂಲ ಪತ್ರ ಕೊಡಬೇಡಿ, ಜೆರಾಕ್ಸ್ ಸಾಕು. ಜಿಪಿಎ ಮಾಡಿಕೊಡಿ ಎಂದರೆ ಟೀ ಲೋಟ ಎತ್ತಿಕೊಂಡು ಒಳಗೆ ಹೋಗಿ. ಮುಂಗಡವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ತೆರಿಗೆ ಕಟ್ಟುವ ಆದಾಯವೇ ಇಲ್ಲದ ಇಬ್ಬರು ರೈತರ ನಡುವಿನ ವ್ಯವಹಾರಕ್ಕೆ ವಿನಾಯಿತಿ ಇದೆ, ಆದರೂ ನಾಳೆ ಸಾಕ್ಷಿಗೆ ಬರುವುದು ಪಾಸ್‌ಬುಕ್.

ಇನ್ನು ಹೆಣ್ಣುಮಕ್ಕಳ ವಿಷಯ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಬರುವ ವೇಳೆಗೆ ತಂದೆ ಬದುಕಿರಲಿಲ್ಲ ಎಂಬ ಕಾರಣಕ್ಕೆ ಹಕ್ಕು ತಪ್ಪುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಇಷ್ಟಾದರೂ ‘ಅಕ್ಕನಿಗೆ ಅರಿಶಿನ-ಕುಂಕುಮಕ್ಕೆ ಅಂತ ಏನೋ ಕೊಟ್ಟು ಸಹಿ ಹಾಕಿಸಿದ್ರಾಯ್ತು’ ಎನ್ನುವ ಸಲಹೆ ಜಗಲಿಯಿಂದಲೇ ಬರುತ್ತದೆ. ತಮ್ಮನೂ ತಲೆಯಾಡಿಸುತ್ತಾನೆ. ನಾವು ಹೇಳುವುದಿಷ್ಟೆ: ಅಕ್ಕನನ್ನು ಬೆಲೆ ಮಾತಾಡುವ ದಿನವೇ ಕರೆಯಿರಿ. ಪಾಲು ಬೇಡ ಎನ್ನುವುದಾದರೆ, ಬೆಲೆ ಎಷ್ಟೆಂದು ಕಿವಿಯಾರೆ ಕೇಳಿದ ಮೇಲೆ ಅವಳೇ ಬೇಡ ಎನ್ನಲಿ. ಇದಕ್ಕೆ ಒಪ್ಪದ ಬ್ರೋಕರ್ ನಾಳೆ ಕೋರ್ಟಿಗೆ ನಿಮ್ಮ ಜೊತೆ ಬರುವವನಲ್ಲ.

ಮನೆಗೆ ಏನು ಮಾಡಿಸಬೇಕು ಎಂದು ಕೇಳುವವರಿದ್ದಾರೆ. ಹೆಚ್ಚೇನೂ ಬೇಡ. ಹೊಸ ಟೈಲ್ಸ್ ಹಾಕಿಸಿದರೆ ಕೊಂಡವನು ಕಿತ್ತು ಬಿಸಾಡುತ್ತಾನೆ. ಒಡೆದ ಹಂಚು ಬದಲಿಸಿ, ಸುಣ್ಣ ಹೊಡೆಸಿ, ಹಿತ್ತಲು ಸವರಿಸಿ, ಕಂದಾಯ ಮತ್ತು ಕರೆಂಟ್ ಬಿಲ್ ಚುಕ್ತಾ ಮಾಡಿ ರಶೀದಿ ಇಟ್ಟುಕೊಳ್ಳಿ. ಆಮೇಲೆ ಟೇಪ್ ಹಿಡಿದು ಜಾಗ ಅಳೆಯಿರಿ. ನಮೂನೆಯಲ್ಲಿರುವ ಅಳತೆ, ಚಕ್ಕುಬಂದಿಗೂ ನೆಲಕ್ಕೂ ತಾಳೆ ಆಗದಿದ್ದರೆ ಕೊಳ್ಳಲು ಬಂದವರು ಅದನ್ನೇ ಹಿಡಿದು ಬೆಲೆ ಇಳಿಸುತ್ತಾರೆ. ಸರ್ಕಾರ ಕೊಟ್ಟ ನಿವೇಶನವಾದರೆ ಹಕ್ಕುಪತ್ರದ ಷರತ್ತು ಓದಿಸಿ, ಇಷ್ಟು ವರ್ಷ ಪರಭಾರೆ ಮಾಡುವಂತಿಲ್ಲ ಎಂದು ಇರಬಹುದು.

ಖಾತೆ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆಯೇ? ಹಾಗಿದ್ದರೆ ಬ್ರೋಕರ್‌ನನ್ನು ಹುಡುಕುವ ಮೊದಲು ಪಂಚಾಯಿತಿಗೆ ಹೋಗಿ. ಮುಂದಿನ ಯುಗಾದಿಗೆ ಮಾರಬೇಕೆಂದಿದ್ದರೆ ದೀಪಾವಳಿಗೇ ಅರ್ಜಿ ಕೊಟ್ಟಿರಿ, ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ.