ಮಾಗಡಿ ರಸ್ತೆಯ ಎರಡು ದುಡಿಮೆಗಳು

ಪತ್ರಿಕೆಗಳ ನಿಧನ ವಾರ್ತೆಗೆ ಒಂದು ಸಿದ್ಧ ಮಾದರಿಯಿದೆ. ಹೆಸರು, ವಯಸ್ಸು, ‘ನಿವೃತ್ತ ನೌಕರ’ ಎಂಬ ಎರಡು ಪದ, ಪತ್ನಿ ಮತ್ತು ಮಕ್ಕಳ ಲೆಕ್ಕ, ಅಂತ್ಯಕ್ರಿಯೆಯ ಸ್ಥಳ. ಅಧಿಕಾರ, ಪ್ರಶಸ್ತಿ, ಹಗರಣ ಯಾವುದೂ ಇಲ್ಲದ ಬದುಕಿಗೆ ಅದಕ್ಕಿಂತ ಹೆಚ್ಚಿನ ಜಾಗ ಸಿಗುವುದಿಲ್ಲ. ಎರಡು ವರ್ಷಗಳ ಹಿಂದೆ ತೀರಿಕೊಂಡ ನನ್ನ ತಂದೆಯ ಎಂಟು ದಶಕಗಳ ಬದುಕೂ ಹೀಗೆಯೇ ಐದು ಸಾಲುಗಳಲ್ಲಿ ಮುಗಿಯಿತು. ತಿಥಿಗೆ ಬಂದ ಬಂಧುಗಳೆಲ್ಲ ಆಡಿದ್ದು ಒಂದೇ ಮಾತು: ‘ಕಷ್ಟಪಟ್ಟು ದುಡಿದು ಮೇಲೆ ಬಂದ ಮನುಷ್ಯ.’

ಈ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಕಷ್ಟಪಟ್ಟು ದುಡಿದವರೆಲ್ಲ ಮೇಲೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಹಾಗಾದರೆ ಒಬ್ಬರ ದುಡಿಮೆ ಫಲ ಕೊಡುವುದಕ್ಕೂ ಇನ್ನೊಬ್ಬರ ದುಡಿಮೆ ಬೆವರಾಗಿಯೇ ಆರಿಹೋಗುವುದಕ್ಕೂ ಕಾರಣವೇನು? ಪಶ್ಚಿಮ ಬೆಂಗಳೂರಿನ ಒಂದು ಸಾಧಾರಣ ಸಂಸಾರದ ಲೆಕ್ಕಪತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿದೆ ಎಂಬುದು ನನ್ನ ನಂಬಿಕೆ.

ತಂದೆ ಮಾಗಡಿಯವರು. ಎಸ್ಸೆಸ್ಸೆಲ್ಸಿ ಮುಗಿಸಿ, 1963ರಲ್ಲಿ ಅದೇ ಊರಿನ ಹೆಸರು ಹೊತ್ತ ರಸ್ತೆ ಹಿಡಿದು ಬೆಂಗಳೂರಿಗೆ ಬಂದರು. ಆಗ ರಾಜಾಜಿನಗರ ಬೆಳೆಯುತ್ತಿದ್ದ ಬಡಾವಣೆ. ಸಿ. ರಾಜಗೋಪಾಲಾಚಾರಿ ಗವರ್ನರ್ ಜನರಲ್ ಆಗಿದ್ದಾಗ, 1949ರಲ್ಲಿ ಕೈಗಾರಿಕಾ ಉಪನಗರವಾಗಿ ಅದಕ್ಕೆ ಅಸ್ತಿವಾರ ಬಿದ್ದಿತ್ತು. ಕಾರ್ಖಾನೆ ಮತ್ತು ಕಾರ್ಮಿಕರ ಮನೆ ಒಂದಕ್ಕೊಂದು ಹತ್ತಿರವಿರಬೇಕೆಂಬುದು ಅದರ ಹಿಂದಿನ ಆಲೋಚನೆ. ತುಮಕೂರು, ಕುಣಿಗಲ್, ಮಾಗಡಿ, ಚನ್ನಪಟ್ಟಣಗಳಿಂದ ಬಂದ ಯುವಕರು ಲೇತ್ ಯಂತ್ರದ ಮುಂದೆ ನಿಂತು ನಗರವಾಸಿಗಳಾದರು.

ಅವರ ಕಾರ್ಖಾನೆಯ ಬದುಕು ಪಾಳಿಗಳ ಬದುಕು. ಬೆಳಗಿನ ಪಾಳಿಯಾದರೆ ಆರಕ್ಕೆ ಮುನ್ನ ಸೈಕಲ್ ಹತ್ತಬೇಕು. ರಾತ್ರಿ ಪಾಳಿಯಾದರೆ ಹಗಲಿನಲ್ಲಿ ಮಕ್ಕಳ ಗಲಾಟೆಯ ನಡುವೆಯೇ ನಿದ್ದೆ ಮಾಡಬೇಕು. ಓವರ್‌ಟೈಮ್ ಸಿಕ್ಕರೆ ಅದು ಹಬ್ಬ. ಆಯುಧಪೂಜೆಯ ದಿನ ಮಾತ್ರ ಕಾರ್ಖಾನೆಯ ಗೇಟು ನಮಗೂ ತೆರೆಯುತ್ತಿತ್ತು. ಕುಂಕುಮ ಹಚ್ಚಿ ಹೂ ಮುಡಿಸಿದ ಯಂತ್ರವನ್ನು ಅವರು ಮನೆಯ ಎತ್ತನ್ನು ತೋರಿಸುವ ರೈತನ ಹಾಗೆ ನಮಗೆ ತೋರಿಸುತ್ತಿದ್ದರು. ಊರಿನ ಸಂಬಂಧವನ್ನೂ ಅವರು ಕಡಿದುಕೊಳ್ಳಲಿಲ್ಲ. ರಂಗನಾಥಸ್ವಾಮಿ ಜಾತ್ರೆಗೆ ರಜೆ ಹಾಕುವುದು, ಚಳಿಗಾಲದಲ್ಲಿ ಒಂದು ಚೀಲ ಅವರೆಕಾಯಿ ತಂದು ನೆರೆಹೊರೆಗೆ ಹಂಚುವುದು ತಪ್ಪಲಿಲ್ಲ.

ಆದರೆ ಈ ಶ್ರಮದ ಹಿಂದೆ ಕಾಣದ ಊರುಗೋಲುಗಳಿದ್ದವು. 1948ರ ಇಎಸ್‌ಐ ಕಾಯ್ದೆ ಇತ್ತು. ನಾವು ಮೂವರು ಮಕ್ಕಳು ಹುಟ್ಟಿದ್ದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ. 1952ರ ಭವಿಷ್ಯನಿಧಿ ಕಾಯ್ದೆ ಇತ್ತು; ನೌಕರರ ಗೃಹನಿರ್ಮಾಣ ಸಹಕಾರ ಸಂಘದ ಮೂಲಕ ಬಸವೇಶ್ವರನಗರದಲ್ಲಿ ಇಪ್ಪತ್ತು–ಮೂವತ್ತರ ನಿವೇಶನ ಕೊಂಡದ್ದು ಆ ನಿಧಿಯ ಹಣದಿಂದ. 1965ರ ಬೋನಸ್ ಕಾಯ್ದೆಯಿಂದ ಹಬ್ಬಕ್ಕೆ ಬಟ್ಟೆ ಬಂತು. 1972ರ ಗ್ರಾಚ್ಯುಟಿ ಕಾಯ್ದೆಯಿಂದ ಅಕ್ಕನ ಮದುವೆಯ ಸಾಲ ತೀರಿತು. ಮಕ್ಕಳಿಗೆ ಸರ್ಕಾರಿ ಶಾಲೆ, ಓಡಾಟಕ್ಕೆ ಬಿಟಿಎಸ್ ಬಸ್ಸು, ಅಡುಗೆಮನೆಗೆ ಪಡಿತರ ಚೀಟಿ ಇದ್ದವು. ತಂದೆ ದುಂದುಗಾರರಲ್ಲ. ಬಿಡಿಗಾಸನ್ನೂ ಲೆಕ್ಕವಿಟ್ಟವರು. ಆದರೆ ಉಳಿಸಲು ತಿಂಗಳ ಮೊದಲ ವಾರದಲ್ಲಿ ತಪ್ಪದೆ ಕೈಸೇರುವ ಸಂಬಳವಿತ್ತು ಎಂಬುದನ್ನು ಮರೆತು ಅವರ ಮಿತವ್ಯಯವನ್ನಷ್ಟೇ ಕೊಂಡಾಡುವುದು ಸರಿಯಲ್ಲ.

ಇದೇ ಮನೆಯಲ್ಲಿ ಇನ್ನೊಂದು ದುಡಿಮೆಯೂ ನಡೆಯುತ್ತಿತ್ತು. ತಾಯಿ ಮಧ್ಯಾಹ್ನದ ಕೆಲಸ ಮುಗಿಸಿ ಊದುಬತ್ತಿ ಹೊಸೆಯಲು ಕೂರುತ್ತಿದ್ದರು. ಮಾಗಡಿ ರಸ್ತೆ, ಶ್ರೀರಾಮಪುರದ ಸಾಲುಮನೆಗಳಲ್ಲಿ ಅಂದು ಇದು ಮನೆಮನೆಯ ಕಸುಬು. ಮೊಣಕಾಲ ಮುಂದೆ ಮಣೆ, ಪಕ್ಕದಲ್ಲಿ ಬಿದಿರು ಕಡ್ಡಿಯ ಕಟ್ಟು, ಇದ್ದಿಲಿನ ಪುಡಿ ಕಲಸಿದ ಕಪ್ಪು ಹಿಟ್ಟು. ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಮುರಿದ ಕಡ್ಡಿಗೆ ಕಾಸಿಲ್ಲ. ಮಳೆಗಾಲದಲ್ಲಿ ಒಣಗದಿದ್ದರೆ ನಷ್ಟ ಹೊಸೆದವರದು. ಬೆನ್ನು ನೋವು, ಉಗುರಿನ ಸಂದಿಯ ಮಸಿ ಎರಡೂ ಅವರವು. ಇಪ್ಪತ್ತು ವರ್ಷ ದುಡಿದರೂ ಅವರ ಹೆಸರಿನಲ್ಲಿ ಒಂದು ಹಾಜರಿ ಪುಸ್ತಕವಿರಲಿಲ್ಲ, ಭವಿಷ್ಯನಿಧಿಯ ಸಂಖ್ಯೆಯಿರಲಿಲ್ಲ. ಜನಗಣತಿಯವರು ಬಂದಾಗ ‘ಗೃಹಿಣಿ’ ಎಂದು ಬರೆದುಕೊಂಡು ಹೋದರು. ನಮ್ಮ ಶಾಲೆಯ ಪುಸ್ತಕದ ಖರ್ಚು ನಡೆದದ್ದು ಆ ಹಣದಿಂದಲೇ.

ಒಂದೇ ಸೂರಿನ ಕೆಳಗೆ ಇಬ್ಬರು ಸಮನಾಗಿ ಬೆವರು ಸುರಿಸಿದರು. ಒಬ್ಬರ ಬೆವರು ಮನೆಯಾಯಿತು, ಗ್ರಾಚ್ಯುಟಿಯಾಯಿತು. ಇನ್ನೊಬ್ಬರದು ಆಯಾ ವಾರದ ಖರ್ಚಿಗೆ ಸಂದುಹೋಯಿತು. ವ್ಯತ್ಯಾಸ ಇದ್ದದ್ದು ಪರಿಶ್ರಮದಲ್ಲಲ್ಲ, ಕಾನೂನಿನ ಆಸರೆಯಲ್ಲಿ.

ಆ ಆಸರೆಯೂ ಶಾಶ್ವತವಾಗಲಿಲ್ಲ. ತೊಂಬತ್ತರ ದಶಕದಿಂದೀಚೆಗೆ ಈ ಭಾಗದ ಚಿಮಣಿಗಳು ಒಂದೊಂದಾಗಿ ತಣ್ಣಗಾದವು. 1936ರಲ್ಲಿ ಆರಂಭವಾಗಿದ್ದ ಮೈಸೂರು ಲ್ಯಾಂಪ್ಸ್ 2003ರಲ್ಲಿ ಸ್ಥಗಿತಗೊಂಡಿತು. ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯ ಹಳೆಯ ನೆಲದ ಮೇಲೆ 2012ರಲ್ಲಿ ಒರಾಯನ್ ಮಾಲ್ ಬಂತು. ತಂದೆಯವರ ಕಾರ್ಖಾನೆಯೂ ಉಳಿಯಲಿಲ್ಲ. ಸ್ವಯಂನಿವೃತ್ತಿಯ ಹಣ ಪಡೆದು ಮನೆಗೆ ಬಂದ ಅವರಿಗೆ 1995ರ ಪಿಂಚಣಿ ಯೋಜನೆಯಡಿ ಬಂದದ್ದು ಸಾವಿರ ರೂಪಾಯಿಗೂ ಕಡಿಮೆ. 2014ರಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿ ಮಾಡಿತು. ಮೂರೂವರೆ ದಶಕ ದುಡಿದ ಕೈಗೆ ದಿನಕ್ಕೆ ಮೂವತ್ತಮೂರು ರೂಪಾಯಿ. ಬೆಲೆಯೇರಿಕೆಗೆ ತಕ್ಕಂತೆ ಏರುವ ತುಟ್ಟಿಭತ್ಯೆ ಆ ಯೋಜನೆಯಲ್ಲಿಲ್ಲ.

ಮಾಗಡಿ ರಸ್ತೆಯಲ್ಲಿ ಇಂದೂ ಯುವಕರು ಬರುತ್ತಲೇ ಇದ್ದಾರೆ. 2015ರಲ್ಲಿ ಮಾಗಡಿ ರಸ್ತೆ, ವಿಜಯನಗರಗಳಿಗೆ ಬಂದ ಮೆಟ್ರೊ 2021ರಲ್ಲಿ ಕೆಂಗೇರಿಯನ್ನು ತಲುಪಿದೆ. ಆ ನಿಲ್ದಾಣಗಳ ಕೆಳಗೆ, ಬೆನ್ನಿಗೆ ಚೌಕದ ಚೀಲ ಹಾಕಿಕೊಂಡು, ಮೊಬೈಲ್ ದಿಟ್ಟಿಸುತ್ತ ಬೈಕಿನ ಮೇಲೆ ಕಾಯುತ್ತಿರುವವರನ್ನು ನೋಡಿ. ಅವರೂ ಸಣ್ಣ ಊರಿನ ಸಂಸಾರಸ್ಥರೇ. ಊರಿಗೆ ಹಣ ಕಳಿಸುವವರು, ತಂಗಿಯ ಮದುವೆಯ ಚಿಂತೆ ಹೊತ್ತವರು. ಪರಿಶ್ರಮದಲ್ಲಿ ನನ್ನ ತಂದೆಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆಯಲ್ಲ. ಆದರೆ ಅವರು ನಿಂತಿರುವುದು ತಂದೆಯ ಜಾಗದಲ್ಲಲ್ಲ, ತಾಯಿಯ ಜಾಗದಲ್ಲಿ. ಸಾವಿರ ಕಡ್ಡಿಗೆ ಇಷ್ಟು ಎಂಬ ಕಡೆ ಈಗ ಒಂದು ಆರ್ಡರಿಗೆ ಇಷ್ಟು ಎಂದಾಗಿದೆ. ಮಳೆ, ಪಂಕ್ಚರ್, ಅಪಘಾತದ ನಷ್ಟ ಈಗಲೂ ದುಡಿಯುವವನದೇ.

ಸರ್ಕಾರಗಳು ಕಣ್ಣುಮುಚ್ಚಿ ಕುಳಿತಿವೆ ಎನ್ನಲಾಗದು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಪ್ರತ್ಯೇಕ ಕಾಯ್ದೆ ತಂದಿತು. ಕಾರ್ಮಿಕರಿಗೆ ಕಂಪೆನಿಗಳು ಕೊಡುವ ಪಾವತಿಯ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಪಡೆಯಲು, ಮಂಡಳಿ ರಚಿಸಲು ಅದರಲ್ಲಿ ಅವಕಾಶವಿದೆ. ಅದೇ ವರ್ಷ ನವೆಂಬರಿನಲ್ಲಿ ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳೂ ಇಂಥವರನ್ನು ಗುರುತಿಸಿವೆ. ಆದರೆ ಗುರುತಿನ ಚೀಟಿಗೂ ಆಸ್ಪತ್ರೆಯ ಹಾಸಿಗೆಗೂ ಬಹಳ ಅಂತರವಿದೆ. ನನ್ನ ಪೀಳಿಗೆಯ ಮಕ್ಕಳು ಇಎಸ್‌ಐ ಆಸ್ಪತ್ರೆಯಲ್ಲಿ ಹುಟ್ಟಿದ್ದು ಕಾಯ್ದೆ ಪುಸ್ತಕದಲ್ಲಿದ್ದುದರಿಂದ ಮಾತ್ರವಲ್ಲ. ರಾಜಾಜಿನಗರದಲ್ಲಿ ಕಟ್ಟಡ, ವೈದ್ಯರು, ಔಷಧ ಮೂರೂ ಇದ್ದುದರಿಂದ. ಕಲ್ಯಾಣ ಮಂಡಳಿಯ ಹಣವು ಪ್ರಚಾರಫಲಕಗಳಿಗೆ ಸೋರದೆ, ಆಸ್ಪತ್ರೆ, ಅಪಘಾತ ಪರಿಹಾರ ಮತ್ತು ಮುಪ್ಪಿನ ಉಳಿತಾಯಕ್ಕೆ ಸಲ್ಲಬೇಕು. ಮನೆಯಲ್ಲಿ ಕೂತು ಹೊಸೆಯುವ, ಹೊಲಿಯುವ, ಕಟ್ಟುವ ಹೆಂಗಸರಿಗೂ ಅದೇ ಬಗೆಯ ಖಾತೆ ಬೇಕು. ಹಳೆಯ ಕಾರ್ಮಿಕರ ಕನಿಷ್ಠ ಪಿಂಚಣಿ ಮರ್ಯಾದೆಯಿಂದ ಬದುಕುವ ಮಟ್ಟಕ್ಕೆ ಏರಬೇಕು.

ಬಡಾವಣೆಗಳಿಗೆ ನಾವು ರಾಜಾಜಿಯ ಹೆಸರಿಟ್ಟೆವು, ಬಸವೇಶ್ವರರ ಹೆಸರಿಟ್ಟೆವು. ಕಾಯಕವನ್ನು ಎತ್ತಿಹಿಡಿದ ಬಸವಣ್ಣನವರೇ ಅದರ ಜೊತೆಗೆ ದಾಸೋಹವನ್ನೂ ಹೇಳಿದ್ದರು. ದುಡಿಮೆಯ ಫಲ ಸಮಾಜದಲ್ಲಿ ಹಂಚಿಕೆಯಾಗದೆ ಕಾಯಕ ಪೂರ್ಣವಾಗುವುದಿಲ್ಲ. ದುಡಿದು ಸವೆದ ಹಿರಿಯರನ್ನು ಗೋಡೆಯ ಮೇಲಿನ ಪಟಕ್ಕೆ ಹಾರ ಹಾಕಿ ನೆನೆಯುವುದು ಸುಲಭ. ಅವರ ದುಡಿಮೆಗೆ ಸಿಕ್ಕಿದ್ದ ಆಸರೆ ಇಂದು ಊರಿನಿಂದ ಬಸ್ಸಿಳಿಯುವ ಹುಡುಗನಿಗೂ, ಅವನ ಹೆಂಡತಿಗೂ ದಕ್ಕುವಂತೆ ಮಾಡುವುದು ಕಷ್ಟದ ಕೆಲಸ. ಸ್ಮರಣೆ ಎಂದು ಕರೆಯಲು ಯೋಗ್ಯವಾದದ್ದು ಅದೊಂದೇ.