ಅಮ್ಮನ ರೂಮಿಗೆ ಬರದ ಬಿಸಿ

ಬಾಸ್ಟನ್‌ನಲ್ಲಿರೋ ನಮ್ಮ ಮನೆಯ ಹಾಲ್‌ಗೆ ಹೋದ ವರ್ಷ ಡಕ್ಟ್ ಇಲ್ಲದ ಹೀಟ್ ಪಂಪ್ ಹಾಕಿಸಿದೆ. ನೋಡೋಕೆ ನಮ್ಮೂರಿನ ಸ್ಪ್ಲಿಟ್ ಎಸಿ ಥರಾನೇ. ಚಳಿಗಾಲದಲ್ಲಿ ಉಲ್ಟಾ ಕೆಲಸ ಮಾಡುತ್ತೆ. ಮೈನಸ್ 10 ಡಿಗ್ರಿ ಗಾಳಿಯಲ್ಲೂ ಶಾಖ ಇರುತ್ತೆ. ಅದಕ್ಕಿಂತ ತಣ್ಣಗಿರುವ ರೆಫ್ರಿಜರೆಂಟ್ ಅದನ್ನು ಹೀರಿ ಒಳಗೆ ತರುತ್ತೆ. ಹಾಗಾಗಿ 1 ಯೂನಿಟ್ ಕರೆಂಟಿಗೆ ಸುಮಾರು 2ರಿಂದ 3 ಯೂನಿಟ್ ಬಿಸಿ. ಚಳಿ ಹೆಚ್ಚಾದಷ್ಟೂ ಈ ಲಾಭ ಇಳಿಯುತ್ತೆ.

ಊರಿಂದ ಬಂದ ಅಮ್ಮನಿಗೆ ಇದನ್ನೆಲ್ಲ ಜಂಬದಿಂದ ವಿವರಿಸಿದ್ದೆ. ವಾರದ ಮೇಲೆ ಗೊತ್ತಾಯ್ತು, ಅವರು ಎರಡು ಸ್ವೆಟರ್ ಹಾಕ್ಕೊಂಡು ಮಲಗ್ತಿದ್ರು!

"ಅಷ್ಟು ಖರ್ಚು ಮಾಡಿದೀಯ, ಹೇಗೆ ಹೇಳ್ಲಿ ಕಣೋ?"

ಹಾಲ್‌ನ ಬಿಸಿ ಮುಚ್ಚಿದ ಬಾಗಿಲು ದಾಟಲ್ಲ. ಆ ರಾತ್ರಿಯೇ ಅವರ ರೂಮಿಗೆ ಹಳೇ ಹೀಟರ್ ಇಟ್ಟೆ. ನೀವು ಹಾಕಿಸೋ ಮುಂಚೆ, ಮನೇಲಿ ಯಾರು ಎಲ್ಲಿ ಮಲಗ್ತಾರೆ ಅಂತ ನೋಡಿ.